ಕಣ್ಣಿಗೆ ಕಟ್ಟುವ ಕೆಲಸ

ಸೊಲ್ಲಾಪುರ, ಹೋಟಗಿ ರಸ್ತೆ,
ಕಾಕಂಬಿಯ ವಾಸನೆ ಗಾಳಿಗೆ ತಿರುಗಿ ಬರುವ ಕಡೆ
ನಮ್ಮ ಪಾರ್ಕು.
ಹಳಿ ಸೂರತ್ತಿನಿಂದ ಬಂದದ್ದು, ಎರಡನೇ ಕೈ.
ಮೂರನೇ ತಿರುವಿನಲ್ಲಿ ಬೆಸುಗೆ ಕೆಮ್ಮುತ್ತದೆ.
ಎತ್ತರ, ಒಂದು ಬೇವಿನಮರದ ಮೇಲೆ ಇನ್ನೊಂದು ನಿಂತಷ್ಟು.
ಹೋದ ವರ್ಷ ಹುಡುಗರು ಆಕಳಿಸುತ್ತ ಇಳಿದರು.
ಮಾಲಕರು ಲೆಕ್ಕ ಹಾಕಿದರು:
ಹಳಿ ಎತ್ತರಿಸಲು ಮೂವತ್ತು ಲಕ್ಷ,
ಕಣ್ಣಿಗೆ ಕಟ್ಟಲು ನಾಲ್ಕು.

ಹಾಗಾಗಿ ಹನ್ನೆರಡು ಹೆಡ್‌ಸೆಟ್ಟು.
ಹಾಗಾಗಿ ನಾನು.
ಪಟ್ಟಿ ಬಿಗಿಯಬೇಕು, ಜಡೆ ಸಿಕ್ಕದಂತೆ ನೋಡಬೇಕು,
ಇಳಿದ ಮೇಲೆ ಸ್ಪಿರಿಟ್ಟಿನ ಅರಿವೆಯಿಂದ ಒರೆಸಬೇಕು
ಬೆವರು, ಕಾಡಿಗೆ, ವಿಭೂತಿ,
ಒಮ್ಮೊಮ್ಮೆ ಕಣ್ಣೀರು. ಯಾರದೆಂದು ಕೇಳುವುದಿಲ್ಲ.

ಅವರಿಗೆ ಒಳಗೆ ಹಿಮದ ಬೆಟ್ಟ, ಮುರಿದ ಸೇತುವೆ,
ಬೆಂಕಿ ಉಗುಳುವ ಹಕ್ಕಿ.
ನನಗೆ ಹೊರಗೆ ಹನ್ನೆರಡು ಗದ್ದ,
ಇಪ್ಪತ್ತನಾಲ್ಕು ಪಾದ,
ಹಳಿಯಡಿಯ ಹುಲ್ಲಿನಲ್ಲಿ ಯಾರದೋ ಒಂಟಿ ಚಪ್ಪಲಿ.
ಮರಾಠಿಯಲ್ಲಿ ಟಿಕೆಟ್ ಕೇಳಿ
ಹಿಂದಿಯಲ್ಲಿ ಚೌಕಾಸಿ ಮಾಡಿದವನು
ಇಳಿಜಾರಿನಲ್ಲಿ ‘ಯವ್ವಾ’ ಅನ್ನುತ್ತಾನೆ.
ಯಾವೂರ್ರೀ, ಕೇಳುತ್ತೇನೆ ಪಟ್ಟಿ ಬಿಚ್ಚುವಾಗ.
ದುಧನಿ, ಅನ್ನುತ್ತಾನೆ, ಸಣ್ಣ ದನಿಯಲ್ಲಿ.

ಮೈಂದರ್ಗಿಯಲ್ಲಿ ನಮ್ಮಜ್ಜನಿಗೆ ಕುಸುಬಿ ಗಾಣವಿತ್ತು.
ಎತ್ತಿನ ಕಣ್ಣಿಗೆ ಅಜ್ಜಿಯ ಹರಕು ಇಳಕಲ್ ಸೀರೆ.
ಕಟ್ಟಲಿಲ್ಲಂದ್ರ ತಲಿ ತಿರುಗಿ ಬೀಳ್ತದ, ಅನ್ನುತ್ತಿದ್ದ.
ಕಟ್ಟಿದ್ರ ಅದಕ್ಕೇನ್ ಕಾಣ್ತದಜ್ಜಾ?
ಹಿಂಡಿ ಒಡೆಯುತ್ತ, ನನ್ನ ಕಡೆ ನೋಡದೆ,
‘ದಾರಿ’ ಅಂದ.
ಇಲ್ಲಿ ಕಟ್ಟಿದರೇ ತಲೆ ತಿರುಗುವುದು.
ದುಡ್ಡು ಅದಕ್ಕೇ.

ಮೊನ್ನೆ ಬೀಡಿ ಕಟ್ಟುವ ಹೆಂಗಸರು ಬಂದರು,
ಬೋನಸ್ಸಿನ ದಿನ,
ಬೆರಳ ತುದಿಯಲ್ಲಿ ಹೋಗದ ಹಳದಿ.
ಕೊನೆಯ ಸೀಟಿಗೆ ಭೌರಮ್ಮ,
ನತ್ತು ಬಿಚ್ಚಿ ಸೆರಗಿಗೆ ಗಂಟು ಹಾಕಿಕೊಂಡು.
ಆಕೆಗೆ ಏಳನೇ ನಂಬರು.
ಗಾಡಿ ಹೊರಟ ಮೇಲೆ ನೋಡಿದೆ,
ಏಳರ ಹಸಿರು ದೀಪ ಆರಿದೆ.
ರಾತ್ರಿ ಚಾರ್ಜಿಗೆ ಹಾಕಲು ಮರೆತದ್ದು ನಾನೇ.

ಹನ್ನೊಂದು ಮಂದಿ ಹಕ್ಕಿಗೆ ಚೀರಿದರು.
ಭೌರಮ್ಮ ತೆಪ್ಪಗಿದ್ದಳು.
ಹಕ್ಕಿ ದಾಟಿ ಹೋದ ಮೇಲೆ
ಮೂರನೇ ತಿರುವಿನಲ್ಲಿ
ಬೆಸುಗೆ ಕೆಮ್ಮಿದ ಕಡೆ, ಸರಿಯಾಗಿ ಅಲ್ಲಿ,
ಆಕೆಯೊಬ್ಬಳದೇ ಕೂಗು.
ಆ ತಿರುವಿಗೆ ಯಾರಾದರೂ ಕೂಗಿ ವರ್ಷವಾಗಿತ್ತು.

ಇಳಿದರು. ಒಬ್ಬಾಕೆ ಇನ್ನೂ ಸೆರಗು ಹೊದ್ದಿದ್ದಳು,
ಮಂಜಿನ ಚಳಿಯಂತೆ, ಏಪ್ರಿಲ್ಲಿನಲ್ಲಿ.
ನಿನಗೇನ್ ಕಂಡಿತ ಭೌರವ್ವಾ?
ಗಂಟು ಬಿಚ್ಚಿ ನತ್ತು ಸಿಕ್ಕಿಸಿಕೊಳ್ಳುತ್ತ ಆಕೆ:
‘ಕತ್ತಲಿ. ಭಾಳ ಚಲೋ ಮಾಡ್ಯಾರ.
ಬಾವಿಗಿ ಬಿದ್ದಂಗ ಆತು,
ನೀರ ಹತ್ತೂದರಾಗ ಯಾರೋ ಎತ್ತಿಕೊಂಡಂಗ ಆತು.’
ಉಳಿದವರು ಬಿದ್ದು ಬಿದ್ದು ನಕ್ಕರು.

ನೂರಾಐವತ್ತು ವಾಪಸು ಕೊಡಬೇಕಿತ್ತು.
ಹೇಳಲು ಬಾಯಿ ತೆರೆದಿದ್ದೆ.
ಅಷ್ಟರಲ್ಲಿ ಆಕೆ ಇನ್ನೊಂದು ಟಿಕೆಟ್ಟಿಗೆ
ಹತ್ತರ ನೋಟು ಎಣಿಸುತ್ತಿದ್ದಳು,
ಬೀಡಿಯ ಕಟ್ಟು ಎಣಿಸುವ ವೇಗದಲ್ಲಿ, ನೋಟಿನ ಕಡೆ ನೋಡದೆ.
‘ಅದ ನಂಬರ ಕೊಡ. ಏಳು.’

ಕೊಟ್ಟೆ.

ಸಂಜೆ ಒರೆಸಲು ಕೂತೆ.
ಒಂದರಲ್ಲಿ ಕಾಡಿಗೆ,
ನಾಲ್ಕರ ಪಟ್ಟಿಯಲ್ಲಿ ಮಲ್ಲಿಗೆಯ ಎಸಳು.
ಏಳರ ಗಾಜಿನ ಮೇಲೆ ಉಸಿರಿನ ಮಂಜು
ಉಳಿದವಕ್ಕಿಂತ ದಪ್ಪ.
ಚಾರ್ಜರಿನ ವಯರು ಗೋಡೆಯಲ್ಲಿ ನೇತಾಡುತ್ತಿತ್ತು.
ಸ್ವಲ್ಪ ಹೊತ್ತು
ಅರಿವೆ ಕೈಯಲ್ಲೇ ಇತ್ತು.