ಮಿಕ್ಸರ್

ಮಂಡಿ ಮೊಹಲ್ಲಾದ ಅಂಗಡಿಯಲ್ಲಿ ಇನಾಯತ್
ಹನ್ನೆರಡು ಚಾನೆಲ್ಲಿನದನ್ನೇ ಮೊದಲು ಒರೆಸಿಟ್ಟ:
ಮುಂದೆ ಬೇಕಾಗುತ್ತೆ, ಅಕ್ಕ.
ನನಗೆ ಬೇಕಾದ್ದು ಮೂರು, ಅಂದೆ.
ಡ್ರಮ್ಮಿನ ಎಡಕ್ಕೊಂದು, ಬಲಕ್ಕೊಂದು,
ಮೊಬೈಲಿನ ಹಾಡಿಗೊಂದು.
ಪರ್ಸಿನಲ್ಲಿದ್ದದ್ದು ಎರಡು ಸಾವಿರದ ಮುನ್ನೂರು,
ಅದರಲ್ಲೂ ಮುನ್ನೂರು ಗ್ಯಾಸಿನದು.

ಮೂಲೆಯಿಂದ ಇದನ್ನೆತ್ತಿ ಉಫ್ ಎಂದು ಧೂಳು ಊದಿದ.
ತಿರುಗಿಸಿದರೆ ಕರಕರ.
ಒಂದು ತಿರುಪಿಗೆ ತಲೆಯೇ ಇಲ್ಲ.
ಆರ್ಕೆಸ್ಟ್ರಾದವರದು, ಪಾಪ,
ಮದುವೆ ಕಂಡು ಕಂಡು ಸುಸ್ತಾಗಿದೆ.

ಈಗ ಅದಕ್ಕೆ ಪೇಸ್ಟಿನ ಮುಚ್ಚಳ ಕೂರಿಸಿದ್ದೇನೆ.
ರಾತ್ರಿ ಹತ್ತರ ಮೇಲೆ
ಹೆಡ್‌ಫೋನಿನೊಳಗೆ ಗುಡುಗೆಲ್ಲ ನನ್ನದು;
ಕೆಳಮನೆಯ ಪುಟ್ಟಲಿಂಗಮ್ಮನವರಿಗೆ
ಬರೀ ರಬ್ಬರಿನ ಟಕ್ ಟಕ್.

ಬೆಳಿಗ್ಗೆ ಕೇಳಿದರು:
ಅಷ್ಟು ಹೊತ್ತಿನಲ್ಲಿ ಅದೇನಮ್ಮ ಕುಟ್ಟುತ್ತೀ,
ನಮಗೂ ಒಂದಿಷ್ಟು ಚಟ್ನಿಪುಡಿ ಕೊಡಬಾರದೇ?