ಮೂರನೇ ಕಾಲಂ

ಇಪ್ಪತ್ತೊಂಬತ್ತು ವರ್ಷ ನಾನು ಮನರಂಜನಾ ತೆರಿಗೆಯವನು.
ಹಾಸನದಿಂದ ಜೀಪು ಹತ್ತಿ ಬಾಣಾವರ, ಗಂಡಸಿ, ಅರಸೀಕೆರೆ,
ಎಲ್ಲಿ ಟಿಕೆಟ್ಟು ಹರಿಯುತ್ತಾರೋ ಅಲ್ಲಿ
ಹೆಬ್ಬೆರಳು ನೆಕ್ಕಿಕೊಂಡು
ಹರಿದ ಚೂರು ಎಣಿಸುವುದು ಕೆಲಸ.

ನಮೂನೆಯ ಮೂರನೇ ಕಾಲಂ: ಮನರಂಜನೆಯ ಸ್ವರೂಪ.
ಡ್ರೈವರ್ ದಸ್ತಗೀರ್ ಕೇಳುವನು,
'ಬರೀರಿ ಸಾರ್, ಇದು ಮೋಜೋ, ಮಜಾನೋ?'
ಏನಯ್ಯಾ ವ್ಯತ್ಯಾಸ?
'ಮೋಜು ದುಡ್ಡಿದ್ದೋರು ಮಾಡೋದು.
ಮಜಾ ತಾನಾಗಿ ಬರೋದು ಸಾರ್, ಬಿಕ್ಕಳಿಕೆ ಥರ.'

ಬಾಣಾವರದ ಮೃತ್ಯುಕೂಪದಲ್ಲಿ
ಹಲಗೆ ಗೋಡೆಯ ಮೇಲೆ ಬೈಕು ಗಿರ್ರನೆ ಏರುವಾಗ
ಇನ್ನೂರ ಹನ್ನೆರಡು ಜನ, ಒಬ್ಬರೂ ನಗಲಿಲ್ಲ.
ಹೆದರಿಕೆಗೆ ಬೇರೆ ಕಾಲಂ ಇರಲಿಲ್ಲ. ಸೀಲು ಒತ್ತಿದೆ.
ಓಡಿಸಿದ ಹುಡುಗ ಇಳಿದು ಬಂದು
ನಡುಗುವ ಕೈಯಲ್ಲೇ ಬೀಡಿ ಹಚ್ಚಿ ಕೇಳಿದ:
'ತಮಾಷೆ ಹೆಂಗಿತ್ತು ಸಾರ್?'

ಗಂಡಸಿಯ ನಾಟಕ ಬಿಟ್ಟಾಗ ನಡುರಾತ್ರಿ.
ಸೆರಗು ಒದ್ದೆ ಮಾಡಿಕೊಂಡ ಹೆಂಗಸರು
ಊಟ ಮುಗಿಸಿ ಎದ್ದವರ ಹಾಗೆ ಹೊರಟರು:
'ಹೊಟ್ಟೆ ತುಂಬ ಅತ್ವಿ ಕಣೇ.'
ಅದಕ್ಕೂ ಅದೇ ದರ.

ಎರಡು ತಲೆಯ ಕರುವಿನ ಡೇರೆಯವನು ಮಾತ್ರ
ಬೋರ್ಡಿನಲ್ಲಿ 'ವಿಜ್ಞಾನ' ಎಂದು ಬರೆಸಿದ್ದ.
ವಿಜ್ಞಾನಕ್ಕೆ ವಿನಾಯಿತಿ. ನಗು ತಡೆದು ಬಿಟ್ಟುಬಿಟ್ಟೆ.

ಪಾಸು ಮುಟ್ಟಿದವನಲ್ಲ ನಾನು, ಬಿಗಿ ಮನುಷ್ಯ.
ಹೆಂಡತಿ ವಿಶಾಲು ಒಂದು ಸರ್ಕಸ್ಸನ್ನೂ ನೋಡಲಿಲ್ಲ.
ಒಂದು ಮಧ್ಯಾಹ್ನ ಬೇಗ ಬಂದೆ, ಹಿತ್ತಿಲ ಬಾಗಿಲಿಂದ.
ಒಗೆಯುವ ಕಲ್ಲಿನ ಮೇಲೆ ಕಾಲು ಮೇಲೆ ಕಾಲು ಹಾಕಿ
ಹುಬ್ಬು ಗಂಟಿಕ್ಕಿ, ಹೆಬ್ಬೆರಳು ನೆಕ್ಕಿ
ನುಗ್ಗೆ ಎಲೆ ಎಣಿಸುತ್ತಿದ್ದಾಳೆ ವಿಶಾಲು:
'ಒಂದು ಚೂರು ಕಮ್ಮಿ ಇದೆಯಲ್ಲ ಮ್ಯಾನೇಜರ್ರೇ!'
ಪಕ್ಕದ ಮನೆಯ ಗೌರಕ್ಕ ನೆಲ ಹಿಡಿದು
ಉಸಿರು ಸಿಗದೆ ಒದ್ದಾಡುತ್ತಿದ್ದಾಳೆ.

ನೆರಳು ಕಂಡು ಇಬ್ಬರೂ ಎದ್ದರು.
ಏನದು?
'ಏನಿಲ್ಲಾರೀ. ಸುಮ್ನೆ.'

ಸುಮ್ನೆ.
ಕೋಶದಲ್ಲಿ ವಿನೋದವಿದೆ, ವಿಲಾಸವಿದೆ, ವಿಹಾರವಿದೆ,
ಗಮ್ಮತ್ತಿನ ಎದುರು ಕೂಡ ಅರ್ಥ ಕೊಟ್ಟಿದ್ದಾರೆ.
ಈ ಒಂದು ಶಬ್ದಕ್ಕೆ ಯಾವ ದರ ಹಾಕಲಿ?

ಆ ತೆರಿಗೆಯೂ ಹೋಯಿತು, ನನ್ನ ಸೀಲೂ ಹೋಯಿತು.
ಇನ್ನೊಂದು ಸಲ ಮಾಡಿ ತೋರಿಸೇ, ಅಂದರೆ
'ಹೇಳಿ ಮಾಡಿಸಿದ್ರೆ ಬರಲ್ಲ ಹೋಗ್ರೀ.'

ನಿನ್ನೆ ಹಾಲಿನ ಕೂಪನ್ನು ಎಣಿಸುವಾಗ
ಹೆಬ್ಬೆರಳು ತಾನಾಗಿ ನಾಲಗೆಗೆ ಹೋಯಿತು.
ಅಡಿಗೆಮನೆಯಲ್ಲಿ ಸೌಟು ಬಿದ್ದ ಸದ್ದು,
ಆಮೇಲೆ
ಬಾಯಿಗೆ ಸೆರಗು ಒತ್ತಿಕೊಂಡ ಸದ್ದು.