ಎಡಗಡೆಯ ಸೀಟು

ಮೇ ತಿಂಗಳು, ನಾನಾ ಪೇಠ, ಮಧ್ಯಾಹ್ನ ಎರಡು.
ಪಾನಾ ಮುಟ್ಟಿದರೆ ಬೆರಳು ಚುರ್ ಅನ್ನುವ ಹೊತ್ತಲ್ಲಿ
ಖೈರನಾರ ಹಳೇ ವ್ಯಾಗನ್‌ಆರ್ ತಂದು ನಿಲ್ಲಿಸಿ
ಸೀಟು ಬಿಸಿ ಆಗೋ ಹಾಗೆ ಮಾಡಿಕೊಡು ಅಂದ.
ಬಾನೆಟ್ ಮೇಲೆ ಕೂತ್ಕೋ ಚಾಚಾ, ಪುಕ್ಕಟೆ,
ಮುನಾಫ ನಕ್ಕ.
ಅವನು ನಗಲಿಲ್ಲ. ಡಿಕ್ಕಿ ತೆಗೆದು ತೋರಿಸಿದ:
ಕುರ್ಲಾ ಗುಜರಿಯಿಂದ ತಂದ ಎರಡು ಪ್ಯಾಡು,
ಯಾವುದೋ ಹಿಮದ ದೇಶದ ಕಾರಿನಿಂದ ಕಿತ್ತದ್ದು,
ಒಳಗೆ ಕೂದಲಿನಂಥ ಕರಿ ಎಳೆ.

ಡ್ರೈವರ್ ಸೀಟಿಗಾ? ಬೆನ್ನುನೋವಾ?
ಅಲ್ಲ. ಎಡಗಡೆಗೆ.

ಮೀಟರ್ ಹಚ್ಚಿದೆ. ಎರಡೂ ಸೇರಿ ಎಂಟು ಆಂಪಿಯರ್.
ಸಿಗರೇಟ್ ಸಾಕೆಟ್ಟಿನಿಂದ ಎಳೆದರಾಯ್ತಲ್ಲ, ಅಂದ.
ಆ ತಂತಿಗೆ ಆಗಲೇ ನಿನ್ನ ಫೋನು, ಗಣಪತಿಯ ದೀಪ
ಜೋತುಬಿದ್ದಿವೆ, ಬೇಡ.
ಬ್ಯಾಟರಿಯಿಂದಲೇ ಬರಬೇಕು, ಎರಡೂವರೆ ಎಂಎಂ ವೈರು,
ಪ್ಲಸ್ಸಿನಿಂದ ಗೇಣೊಳಗೆ ಹತ್ತರ ಫ್ಯೂಸು.
ದೂರ ಇಟ್ಟರೆ ಅಲ್ಲಿಯ ತನಕದ ತಂತಿಗೆ ದಿಕ್ಕಿಲ್ಲ.
ನಡುವೆ ರಿಲೇ. ಕೀಲಿ ತಿರುಗಿದರೆ ಟಕ್ ಅನ್ನಬೇಕು,
ನೊಣದಷ್ಟು ಕರೆಂಟು
ಎಮ್ಮೆಯಷ್ಟು ಕರೆಂಟನ್ನು ಹೊಡೆದುಕೊಂಡು ಹೋಗುವ ಸದ್ದು.

ಕೀಲಿ ಇಲ್ಲದೆಯೂ ನಡೆಯಲಿ, ಅಂದ.
ಅವಳು ಇಳಿದು ಬರುವುದರೊಳಗೆ ಸೀಟು ಕಾದಿರಬೇಕು.
ಯಾರು?
ವಾರಕ್ಕೆ ಮೂರು ದಿನ, ನಾಲ್ಕು ತಾಸು, ಮಷೀನಿಗೆ ಹಚ್ಚುತ್ತಾರೆ.
ರಕ್ತ ಹೊರಗೆ ಹೋಗಿ ತೊಳೆಸಿಕೊಂಡು ತಿರುಗಿ ಬರುತ್ತದೆ,
ಬರುವಾಗ ತಣ್ಣಗೆ.
ಹೊರಗೆ ನಲವತ್ತು ಡಿಗ್ರಿ, ಅವಳ ಹಲ್ಲು ಕಟಕಟ.
ತಿಲಾ ಥಂಡೀ ವಾಜತೇ.

ಮರಾಠಿಯಲ್ಲಿ ಚಳಿ ಬಾರಿಸುತ್ತದೆ, ಹಲಗೆಯ ಹಾಗೆ.
ಇಪ್ಪತ್ತೆರಡು ವರ್ಷ ಈ ಪೇಠೆಯಲ್ಲಿದ್ದೇನೆ,
ಅವತ್ತೇ ಕೇಳಿಸಿದ್ದು.
ನಮ್ಮ ಇಂಡಿ ಕಡೆ ಥಂಡಿ ಹತ್ತುತ್ತದೆ.
ಬೆಂಕಿಯೂ ಹತ್ತುತ್ತದೆ.

ಕೀಲಿ ಇಲ್ಲದೆ ಆಗಲ್ಲ ಅಂದೆ. ಬ್ಯಾಟರಿ ಕೂತರೆ
ಅವಳನ್ನು ಬಿಸಿ ಸೀಟಿನಲ್ಲಿ ಕೂರಿಸಿ
ಗಾಡಿ ತಳ್ಳುತ್ತೀಯ ನೀನು.
ಹತ್ತು ನಿಮಿಷ ಮೊದಲೇ ಎಂಜಿನ್ ಚಾಲೂ ಇಡು.

ಸೀಟಿನ ಬಟ್ಟೆ ಬಿಚ್ಚಿದೆವು. ಫೋಮಿನಡಿ ಸಿಕ್ಕವು
ಒಂದು ಎಂಟಾಣೆ, ಕೂದಲ ಪಿನ್ನು, ಒಣಗಿದ ಬಟಾಣಿ.
ಮುನಾಫ ಪಿನ್ನನ್ನು ಒರೆಸಿ
ಡ್ಯಾಶ್‌ಬೋರ್ಡಿನ ಮೇಲಿಟ್ಟ, ಮಾತಾಡದೆ.
ಹಳಿಯ ಹತ್ತಿರ ವೈರಿಗೆ ಒಂದು ಸುತ್ತು ಸಡಿಲ ಬಿಟ್ಟೆ,
ಸೀಟು ಸರಿದಾಗ ಹರಿಯಬಾರದು.
ಅರ್ತಿಂಗಿಗೆ ಬಣ್ಣ ಕೆರೆದೆ, ಬರೀ ಕಬ್ಬಿಣ ಹೊಳೆಯುವ ತನಕ.
ಹೋಗುವ ತಂತಿಯಷ್ಟೇ ಕಣ್ಣಿಗೆ ಕಾಣುವುದು;
ವಾಪಸು ಬರುವುದು ಇಡೀ ಗಾಡಿಯ ಮೈಯಿಂದ.

ಸ್ವಿಚ್ಚಿಗೆ ಎರಡು ಹಂತ, ಹೈ, ಲೋ.
ಶುಗರ್ ಇದೆಯಾ ಅವಳಿಗೆ?
ಇದೆ. ಕಾಲಿಗೆ ಬಿಸಿ ತಣ್ಣಗೆ ತಿಳಿಯುವುದಿಲ್ಲ.
ಹೈ ವೈರು ಕತ್ತರಿಸಿ ಟೇಪು ಸುತ್ತಿದೆ.
ಆಮೇಲೆ ನಾನೇ ಕೂತೆ, ಅರ್ಧ ತಾಸು, ಗಾಜು ಏರಿಸಿಕೊಂಡು.
ಟೈರಿನಂಗಡಿಯವರು ಎದ್ದು ಬಂದು ನೋಡಿದರು, ತಲೆ ಕೆಟ್ಟಿತು ಇವನಿಗೆ.
ಬೆವರು ಹುಬ್ಬು ದಾಟಿ ಕಣ್ಣಿಗಿಳಿಯಿತು.
ಎಲ್ಲೂ ಸುಡಲಿಲ್ಲ.
ಸೊಂಟದ ಹತ್ತಿರ ಯಾರೋ ಅಂಗೈ ಇಟ್ಟು
ತೆಗೆಯಲು ಮರೆತ ಹಾಗೆ.

ಇನ್ನೂರು ಕಡಿಮೆ ಬಿತ್ತು. ಶುಕ್ರವಾರ ಕೊಡ್ತೀನಿ, ಅವಳ ದಿನ, ಅಂದ.
ಕೀಲಿ ತಿರುಗಿಸಿದ. ಟಕ್.
ಸ್ವಿಚ್ಚಿನ ತುದಿಗೆ ಅಕ್ಕಿಕಾಳಿನಷ್ಟು ಕೆಂಪು ಹತ್ತಿತು.
ಕ್ವಾರ್ಟರ್ ಗೇಟಿನ ಕಡೆ ತಿರುಗಿತು ಗಾಡಿ,
ಎಡಗಡೆ ಖಾಲಿ ಸೀಟು
ಕಾಯುತ್ತ.